ದಪ್ಪ ಕಾದಂಬರಿಯ ಬೆನ್ನು ಬಿಚ್ಚಿ ಮೂರು ಭಾಗ ಮಾಡಿ ಕಟ್ಟಿದ್ದು

ಮೊದಲು ಪುಸ್ತಕದ ಅಳತೆ. ಡೆಮಿ 1/8 ಆಕಾರ (ಸಾಮಾನ್ಯ ಕಾದಂಬರಿಯ ಅಳತೆ), 832 ಪುಟ, ಅಂದರೆ 416 ಹಾಳೆ. ಕಾಗದ 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ. ಬೆನ್ನಿನ ದಪ್ಪ 38 ಮಿ.ಮೀ. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ 900 ಗ್ರಾಂ ಸುತ್ತಮುತ್ತ ತೂಗಿತು. ರಕ್ಷಾಪುಟ ಲ್ಯಾಮಿನೇಷನ್ ಮಾಡಿದ ಆರ್ಟ್ ಕಾರ್ಡು. ಕಟ್ಟಿದ್ದು ಪರ್ಫೆಕ್ಟ್ ಬೈಂಡಿಂಗ್: ದಾರದ ಹೊಲಿಗೆ ಇಲ್ಲ, ಬೆನ್ನಿಗೆ ಬಿಸಿ ಗೋಂದು ಮಾತ್ರ.

ಓದುವವಳು ನಮ್ಮ ಅವ್ವ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಓದುವುದು ಅವಳ ಬಹಳ ವರ್ಷಗಳ ರೂಢಿ. ಈಗ ಬಲಗೈ ಹೆಬ್ಬೆರಳ ಬುಡದ ಕೀಲು ಸವೆದಿದೆ. ನೂರು ಪುಟ ದಾಟುವಷ್ಟರಲ್ಲಿ ಪುಸ್ತಕ ಕೆಳಗಿಟ್ಟಳು. "ಯವ್ವಾ, ಕತಿ ಛಲೋ ಐತಿ. ಆದ್ರ ಹಿಡಕೊಂಡು ಕೂಡಾಕ ಆಗವಲ್ದು. ಬಿಟ್ರ ಮುಚ್ಚಕೋತೈತಿ, ಒತ್ತಿದ್ರ ಬೆರಳು ಸಿಡೀತೈತಿ" ಅಂದಳು.

ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಒಳ್ಳೆಯ ಕಥೆಯೊಂದು ಗೋಂದಿನ ಕಾರಣಕ್ಕೆ ನಿಲ್ಲಬಾರದು. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಒತ್ತಿದರೆ ಅದರ ಬುಡದ ಕೀಲಿನ ಮೇಲೆ ಬೀಳುವ ಭಾರ ಅದರ ಹತ್ತು ಹನ್ನೆರಡು ಪಟ್ಟು. ಹಾಗಾಗಿ ಪುಸ್ತಕ ತೆರೆದಿಡಲು ಬೇಕಾಗುವ ಒತ್ತಡವನ್ನು ಅಳೆದು ನೋಡಬೇಕು ಅನ್ನಿಸಿತು. ಊರಿಗೆ ಹೋಗುವಾಗ ಬ್ಯಾಗು ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯ ಕ್ಲಿಪ್ಪನ್ನು 90ನೇ ಪುಟದ ಹೊರ ಅಂಚಿಗೆ ಸಿಕ್ಕಿಸಿ ಎಳೆದೆ. ಆ ಪುಟ ಮುಚ್ಚಿಕೊಳ್ಳದ ಹಾಗೆ ಹಿಡಿಯಲು ಸುಮಾರು 450 ಗ್ರಾಂ ಎಳೆತ ಬೇಕಾಯಿತು. ಅಷ್ಟನ್ನೂ ಒಂದು ಹೆಬ್ಬೆರಳು ತಾಸುಗಟ್ಟಲೆ ಕೊಡಬೇಕು. ಮೇಲೆ 900 ಗ್ರಾಂ ಎತ್ತಿ ಹಿಡಿಯುವ ಕೆಲಸ ಬೇರೆ. ನೋಯದೆ ಏನು ಮಾಡೀತು?

ಯಾಕೆ ತೆರೆಯುವುದಿಲ್ಲ

ಮೊದಲನೇ ಕಾರಣ ಗೋಂದು. ಈ ರೀತಿಯ ಪುಸ್ತಕ ಕಟ್ಟುವಾಗ ದೊಡ್ಡ ಹಾಳೆ ಮಡಚಿ ಮಾಡಿದ 16 ಪುಟಗಳ ಫಾರಂಗಳನ್ನು ಒಂದರ ಮೇಲೊಂದು ಪೇರಿಸಿ, ಬೆನ್ನಿನ ಮಡಿಕೆಯನ್ನು ಯಂತ್ರದಲ್ಲಿ ಕೆತ್ತಿ ತೆಗೆದು, ಬಿಡಿ ಹಾಳೆಗಳಾದ ಆ ಅಂಚಿಗೆ ಕರಗಿಸಿದ ಇ.ವಿ.ಎ. ಅನ್ನುವ ಪ್ಲಾಸ್ಟಿಕ್ ಗೋಂದು ಹಚ್ಚುತ್ತಾರೆ. ಗೋಂದು ತಣ್ಣಗಾದ ಕೂಡಲೇ ಗಟ್ಟಿಯಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಪುಸ್ತಕ ಅಗ್ಗವಾಗುತ್ತದೆ. ಈ ಅಗ್ಗದಿಂದಲೇ ನಮ್ಮಂಥವರ ಮನೆಗೂ ದೊಡ್ಡ ಕಾದಂಬರಿ ಬರುತ್ತದೆ, ಅದನ್ನು ನಾನು ಮರೆಯುವುದಿಲ್ಲ. ಆದರೆ ಆ ಗೋಂದಿನ ಪದರ ದಪ್ಪವಾಗಿ, ಬಿರುಸಾಗಿ ಕೂರುತ್ತದೆ. ತೆಳು ಪುಸ್ತಕದಲ್ಲಿ ಅದು ಗೊತ್ತಾಗುವುದಿಲ್ಲ. 38 ಮಿ.ಮೀ. ಬೆನ್ನಿನಲ್ಲಿ ಮಾತ್ರ ಅದು ಬಾಗದ ಪಟ್ಟಿಯಾಗಿ ನಿಲ್ಲುತ್ತದೆ. ಹಳತಾದಂತೆ ಮೆದುತನ ಕಳೆದುಕೊಂಡು ಒಂದು ದಿನ ಬೆನ್ನಿನ ನಡುವೆ ಸೀಳು ಬಿಡುತ್ತದೆ. ಅವ್ವನ ಪ್ರತಿಯಲ್ಲಿ ಆ ಸೀಳು ಆಗಲೇ ಶುರುವಾಗಿತ್ತು.

ಹೊಲಿಗೆ ಬಿಟ್ಟು ಅಂಟನ್ನೇ ನಂಬುವುದು ಹೊಸದೇನಲ್ಲ. 1836ರಲ್ಲೇ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ರಬ್ಬರ್ ದ್ರಾವಣದಿಂದ ಬಿಡಿ ಹಾಳೆ ಕಟ್ಟುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಆ ಪುಸ್ತಕಗಳು ಹೊಸತರಲ್ಲಿ ಚೆನ್ನಾಗಿ ತೆರೆಯುತ್ತಿದ್ದವು, ರಬ್ಬರ್ ಸತ್ತ ಮೇಲೆ ಹಾಳೆ ಹಾಳೆಯಾಗಿ ಉದುರಿದವು.

ಎರಡನೇ ಕಾರಣ ಕಾಗದದ ನಾರು. ಕಾಗದ ಮಾಡುವ ಯಂತ್ರದಲ್ಲಿ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಮುದ್ರಣದವರು ಅದಕ್ಕೆ ಗ್ರೇನ್ ಅನ್ನುತ್ತಾರೆ. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ, ಅಂದರೆ ಪುಟದ ಮೇಲಿಂದ ಕೆಳಕ್ಕೆ ಇರಬೇಕು. ಆಗ ಹಾಳೆ ತಾನಾಗಿ ಮಗುಚಿ ಮಲಗುತ್ತದೆ. ಅಡ್ಡ ಇದ್ದರೆ ಹಾಳೆಯ ಬಿರುಸು ಸುಮಾರು ಎರಡು ಪಟ್ಟು, ಬಿಟ್ಟ ಕೂಡಲೇ ಎದ್ದು ನಿಲ್ಲುತ್ತದೆ. ಪರೀಕ್ಷೆ ಸುಲಭ. ಪುಸ್ತಕದ ಕೊನೆಯ ಖಾಲಿ ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಒಂದೇ ಅಳತೆಯ ಪಟ್ಟಿ ಕತ್ತರಿಸಿ, ಎರಡನ್ನೂ ಜೋಡಿಸಿ ತುದಿಯಲ್ಲಿ ಹಿಡಿದು ಅಡ್ಡಲಾಗಿ ಚಾಚಬೇಕು. ಹೆಚ್ಚು ಜೋಲುವ ಪಟ್ಟಿಯಲ್ಲಿ ನಾರು ಅಡ್ಡ ಇದೆ, ನೆಟ್ಟಗೆ ನಿಲ್ಲುವುದರಲ್ಲಿ ಉದ್ದಕ್ಕೆ ಇದೆ. ನಮ್ಮ ಪುಸ್ತಕದಲ್ಲಿ ನೆಟ್ಟಗೆ ನಿಂತದ್ದು ಅಡ್ಡಕ್ಕೆ ಕತ್ತರಿಸಿದ ಪಟ್ಟಿ. ಅಂದರೆ ನಾರು ಬೆನ್ನಿಗೆ ಅಡ್ಡ. ಇದನ್ನು ಯಾವ ರಿಪೇರಿಯಿಂದಲೂ ಬದಲಿಸಲು ಬರುವುದಿಲ್ಲ. ಮುಂದಿನ ಎಲ್ಲ ನಿರ್ಧಾರಗಳಲ್ಲೂ ಈ ಅಡ್ಡ ನಾರನ್ನು ನೆನಪಿಟ್ಟುಕೊಳ್ಳಬೇಕಾಯಿತು.

ಮೂರನೆಯದು ಒಳ ಅಂಚಿನ ಜಾಗ. ಬೆನ್ನಿನ ಕಡೆ ಬಿಟ್ಟ ಖಾಲಿ ಜಾಗ ಸ್ಕೇಲಿನಲ್ಲಿ 12 ಮಿ.ಮೀ. ಇದೆ. ಆದರೆ ಪುಸ್ತಕದ ನಡುವೆ ಹಾಳೆ ಬಾಗಿ ಒಳಗೆ ಇಳಿಯುವುದರಿಂದ ಕಣ್ಣಿಗೆ ಕಾಣುವುದು ಐದೇ ಮಿ.ಮೀ. ಸಾಲಿನ ಕೊನೆಯ ಅಕ್ಷರಗಳು ಕಣಿವೆಯಲ್ಲಿ ಬಿದ್ದು ನೆರಳಾಗುತ್ತವೆ. ಕನ್ನಡಕ್ಕೆ ಇದು ಇನ್ನೂ ತೊಂದರೆ. ಒತ್ತಕ್ಷರ, ದೀರ್ಘದ ಗುರುತು ಅರೆಬರೆ ಕಂಡರೆ ಶಬ್ದವೇ ಬೇರೆಯಾಗುತ್ತದೆ, ಓದುವವರು ನಿಂತು ಪುಸ್ತಕ ಓರೆ ಮಾಡಬೇಕಾಗುತ್ತದೆ.

ಕೊಯ್ಯಬೇಕೋ ಬೇಡವೋ

ಪುಸ್ತಕಕ್ಕೆ ಬ್ಲೇಡು ಹಾಕುವುದೆಂದರೆ ನಮ್ಮಲ್ಲಿ ಎದೆ ಝಲ್ಲೆನ್ನುತ್ತದೆ. ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಆದ್ದರಿಂದ ಕೊಯ್ಯದೆ ಏನು ಮಾಡಬಹುದು ಅಂತ ಮೊದಲು ನೋಡಿದೆ. ಮನೆಯಲ್ಲಿ ಪುರಾಣ ಹಚ್ಚಿದಾಗ ಇಡುವ ಹಳೆಯ ವ್ಯಾಸಪೀಠ ಇದೆ, ಸಾಗವಾನಿಯದು, ಒಂದೇ ಹಲಗೆಯನ್ನು ನಡುವೆ ಹಲ್ಲು ಬಿಡಿಸಿ ಕತ್ತರಿ ಆಕಾರಕ್ಕೆ ತೆರೆಯುವಂಥದ್ದು. ಅದರ ಎರಡು ರೆಕ್ಕೆಗಳ ನಡುವಿನ ಕೋನ 100 ಡಿಗ್ರಿಯ ಹತ್ತಿರ. ದಪ್ಪ ಪುಸ್ತಕಕ್ಕೆ ಇದು ಬಹಳ ಸರಿಯಾದ ಕೋನ. ಬೆನ್ನನ್ನು ಚಪ್ಪಟೆಯಾಗಲು ಒತ್ತಾಯಿಸುವುದಿಲ್ಲ, ಎರಡೂ ಕಡೆಯ ಭಾರವನ್ನು ಮರವೇ ಹೊರುತ್ತದೆ. ಹಳೆಯ ಪುಸ್ತಕಗಳನ್ನು ಕಾಪಾಡುವ ಗ್ರಂಥಾಲಯಗಳಲ್ಲಿ ಸ್ಪಂಜಿನ ಇಳಿಜಾರು ತುಂಡುಗಳನ್ನು ಎದುರುಬದುರು ಇಟ್ಟು ಮಾಡುವುದೂ ಇದೇ ಕೆಲಸ. ಪುಸ್ತಕ ಕೊಯ್ಯಲು ಮನಸ್ಸಿಲ್ಲದವರು ಎರಡು ಗಟ್ಟಿ ದಿಂಬುಗಳನ್ನು ಹೀಗೆ ಇಟ್ಟುಕೊಂಡು, ಪುಟದ ಮೇಲೆ ಸಣ್ಣ ಉಸುಕು ತುಂಬಿದ ಬಟ್ಟೆಯ ಪಟ್ಟಿ ಇಳಿಬಿಟ್ಟರೆ ಹೆಬ್ಬೆರಳಿಗೆ ಪೂರ್ತಿ ವಿಶ್ರಾಂತಿ.

ಅವ್ವನಿಗೆ ಇದು ಹೊಂದಲಿಲ್ಲ. ವ್ಯಾಸಪೀಠ ಚಕ್ಕಳಮಕ್ಕಳ ಹಾಕಿ ಕೂತವರಿಗಾಗಿ ಮಾಡಿದ್ದು. ಮೊಣಕಾಲಿನ ಕಾರಣಕ್ಕೆ ಅವಳಿಗೆ ಹಾಗೆ ಕೂರಲು ಆಗುವುದಿಲ್ಲ. ಅವಳಿಗೆ ಪುಸ್ತಕ ಕೈಯಲ್ಲೇ ಇರಬೇಕು, ಬೇಕಾದಾಗ ಮಗ್ಗಲು ಬದಲಿಸಬೇಕು. ಮತ್ತೆ ಗೋಂದಿನ ಸೀಳು ಹೇಗೂ ಬೆಳೆಯುತ್ತಿತ್ತು. ಈ ಪ್ರತಿ ಮುದ್ರಣದಲ್ಲಿ ಸುಲಭವಾಗಿ ಸಿಗುವಂಥದ್ದು, ಯಾರ ಸಹಿಯೂ ಇಲ್ಲ, ಗ್ರಂಥಾಲಯದ್ದೂ ಅಲ್ಲ. ಅವ್ವನನ್ನೇ ಕೇಳಿದೆ. "ಓದಾಕ ಬರೂ ಹಂಗ ಆಗತೈತಿ ಅಂದ್ರ ಕೊಯ್ಯವಾ. ಕಪಾಟಿನ್ಯಾಗ ಇಟ್ಟು ಪೂಜಿ ಮಾಡೂದೈತೇನು?" ಅಂದಳು. ಅಲ್ಲಿಗೆ ಇತ್ಯರ್ಥವಾಯಿತು.

ಎಲ್ಲಿ ತುಂಡು ಮಾಡುವುದು

ಅಂದಾಜಿಗೆ ಮೂರು ಸಮಭಾಗ ಮಾಡಿದರೆ ಅಧ್ಯಾಯದ ನಡುವೆ ಬೀಳುತ್ತದೆ. ಅಧ್ಯಾಯ ಮುಗಿಯುವಲ್ಲೇ ತುಂಡು ಮಾಡಬೇಕು, ಅದೂ ಹೊಸ ಅಧ್ಯಾಯ ಬಲಪುಟದಲ್ಲಿ ಶುರುವಾಗುವಲ್ಲಿ. ಎಡಪುಟದಲ್ಲಿ ಶುರುವಾದರೆ ಹಿಂದಿನ ಅಧ್ಯಾಯದ ಕೊನೆಯ ಪುಟ ಅದೇ ಹಾಳೆಯ ಬೆನ್ನಿಗೆ ಇರುತ್ತದೆ. ಬಲಪುಟದ ಅಧ್ಯಾಯಗಳನ್ನೆಲ್ಲ ಗುರುತು ಹಾಕಿಕೊಂಡು ನೋಡಿದರೆ 273ನೇ ಪುಟ ಮತ್ತು 561ನೇ ಪುಟ ಸರಿಯಾಗಿ ಸಿಕ್ಕವು. ಮೊದಲ ಭಾಗ 136 ಹಾಳೆ, ನಡುವಿನದು 144, ಕೊನೆಯದು 136. ಒಂದೊಂದೂ ಸುಮಾರು 13 ಮಿ.ಮೀ. ದಪ್ಪ, 300 ಗ್ರಾಂ ಆಚೀಚೆ. ಎರಡೇ ಭಾಗ ಮಾಡಿದ್ದರೆ ಕೆಲಸ ಕಡಿಮೆಯಾಗುತ್ತಿತ್ತು, ಆದರೆ ನಾರು ಅಡ್ಡ ಇರುವ ಕಾಗದದಲ್ಲಿ 19 ಮಿ.ಮೀ. ಕೂಡ ಹೆಚ್ಚೇ.

ರಕ್ಷಾಪುಟ ಬಿಡಿಸುವುದು

ಇ.ವಿ.ಎ. ಗೋಂದು ಬಿಸಿಗೆ ಮೆತ್ತಗಾಗುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು ಅರ್ಧ ಕೆಲಸ ಮಾಡಿಕೊಡುತ್ತದೆ. ಮಧ್ಯಾಹ್ನ ಮಾಳಿಗೆ ಮೇಲೆ ಕರಿ ಬಟ್ಟೆ ಹಾಸಿ, ಪುಸ್ತಕವನ್ನು ಬೆನ್ನು ಮೇಲೆ ಮಾಡಿ ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದೆ. ಕೈ ಇಟ್ಟರೆ ಸುಡುವಷ್ಟು ಕಾದ ಮೇಲೆ ಒಳಗೆ ತಂದು, ಬೆನ್ನಿನ ಮೇಲೆ ಹತ್ತಿ ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗೆ ಇಟ್ಟು ನಿಧಾನಕ್ಕೆ ಓಡಿಸಿದೆ. ಅದಕ್ಕಿಂತ ಹೆಚ್ಚು ಬಿಸಿ ಬೇಡ, ಲ್ಯಾಮಿನೇಷನ್ ಗುಳ್ಳೆ ಏಳುತ್ತದೆ. ರಕ್ಷಾಪುಟದ ಒಂದು ಮೂಲೆ ಎಬ್ಬಿಸಿ ಎಳೆದರೆ ಬಾಳೆಹಣ್ಣಿನ ಸಿಪ್ಪೆ ಬಿಚ್ಚಿದಂತೆ ಇಡಿಯಾಗಿ ಬಂತು. ಮುಂಬದಿ, ಬೆನ್ನು, ಹಿಂಬದಿ ಮೂರೂ ಹರಿಯದೆ ಉಳಿದವು. ಅವು ಮುಂದೆ ಬೇಕಾಗುತ್ತವೆ.

ಗೋಂದು ಬಿಸಿ ಇರುವಾಗಲೇ 272ನೇ ಪುಟದ ಹತ್ತಿರ ಪುಸ್ತಕವನ್ನು ಪೂರ್ತಿ ಹಿಂದಕ್ಕೆ ಮಡಚಿ, ಒಳಗಿನಿಂದ ಸಣ್ಣ ಚಾಕುವಿನಿಂದ ಗೋಂದಿನ ಪದರವನ್ನಷ್ಟೇ ಸೀಳಿದೆ. 560ರ ಹತ್ತಿರವೂ ಹಾಗೆಯೇ. ಮೂರು ಕಟ್ಟು ಬೇರೆಯಾದವು.

ಉಳಿದ ಹಳೆ ಗೋಂದು ಪೂರ್ತಿ ಹೋಗಬೇಕು. ಅದರ ಮೇಲೆ ಹೊಸ ಅಂಟು ಹಿಡಿಯುವುದೇ ಇಲ್ಲ, ಕಾಗದದ ನಾರಿನೊಳಗೆ ಇಳಿಯಲು ಜಾಗ ಸಿಗುವುದಿಲ್ಲ. ಇದಕ್ಕೆ ಪ್ರಿಂಟಿಂಗ್ ಪ್ರೆಸ್ಸಿನ ಕಟಿಂಗ್ ಮಷೀನೇ ದಾರಿ. ಮಷೀನ್ ನಡೆಸುವ ಕಾಕಾ ಕಟ್ಟುಗಳನ್ನು ತಿರುಗಿಸಿ ನೋಡಿ, "ತಂಗಿ, ಗೋಂದಿನ ಸಮೇತ ಬ್ಲೇಡಿಗೆ ಕೊಡಬ್ಯಾಡ, ಬ್ಲೇಡಿಗೆ ಹತ್ತಿ ಹಾಳಿ ಎಳದು ಹರೀತೈತಿ. ಮೊದಲ ಕೆರದು ತಗಿ. ಆಮ್ಯಾಲೆ ಒಂದೊಂದ ಕಟ್ಟು ಕೊಯ್ಯೂನು. ಮೂರೂ ಕೂಡಿಸಿ ಇಟ್ರ ಮ್ಯಾಲಿನ ಹಾಳಿ ಒಂದ ಅಳತಿ, ಕೆಳಗಿಂದು ಒಂದ ಅಳತಿ ಆಕ್ಕಾವು" ಅಂದರು. ಅವರ ಮಾತಿನಂತೆ ಅಲ್ಲೇ ಕೂತು ಸ್ಟೀಲ್ ಸ್ಕೇಲಿನ ಅಂಚಿನಿಂದ ಮೇಲಿನ ಪದರ ಕೆರೆದು ತೆಗೆದೆ. ಬೆನ್ನಿನ ಕಡೆಯಿಂದ 1.5 ಮಿ.ಮೀ. ಮಾತ್ರ ಕೊಯ್ಯಲು ಹೇಳಿದೆ. ಒಳ ಅಂಚು 12ರಿಂದ 10.5ಕ್ಕೆ ಇಳಿಯಿತು. ಅದು ಚಿಂತೆಯ ಮಾತಲ್ಲ. ಪುಟ ಪೂರ್ತಿ ಮಲಗಿದರೆ ಆ 10.5 ಅಷ್ಟೂ ಕಣ್ಣಿಗೆ ಕಾಣುತ್ತದೆ. ಬ್ಲೇಡು ಹರಿತವಿತ್ತು, ಅಂಚು ಬಿಳಿಯಾಗಿ ನುಣುಪಾಗಿ ಬಂತು.

ಯಾವ ಅಂಟು

ಬೈಂಡಿಂಗ್ ಅಂಗಡಿಗಳಲ್ಲಿ ಮೈದಾ ಅಂಟು ಹಳೆಯ ಪದ್ಧತಿ. ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ. ರಟ್ಟಿಗೆ, ಬಟ್ಟೆಗೆ ಅದು ಬಹಳ ಒಳ್ಳೆಯದು. ಈ ಹಾಳೆಗಳ ಅಂಚಿಗೆ ಮಾತ್ರ ಬೇಡವೆಂದು ನಿರ್ಧರಿಸಿದೆ, ಅದಕ್ಕೆ ಕಾರಣ ಆ ಅಡ್ಡ ನಾರು. ಕಾಗದ ನೀರು ಕುಡಿದಾಗ ನಾರಿನ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ನಾರಿನ ಅಡ್ಡಕ್ಕೆ ಬಹಳ. ಇಲ್ಲಿ ನಾರಿನ ಅಡ್ಡ ಅಂದರೆ ಬೆನ್ನಿನ ಉದ್ದ. ನೀರು ಹೆಚ್ಚಿರುವ ಅಂಟು ತಾಗಿದರೆ ಬೆನ್ನಿನ ಅಂಚು ಮಾತ್ರ ಹಿಗ್ಗಿ, ಉಳಿದ ಹಾಳೆ ಹಿಗ್ಗದೆ, ಅಲ್ಲಿ ಅಲೆ ಅಲೆಯಾಗಿ ನಿಲ್ಲುತ್ತದೆ. ಒಣಗಿದ ಮೇಲೂ ಆ ಅಲೆ ಹೋಗುವುದಿಲ್ಲ.

ಹಾಗಾಗಿ ಬಿಳಿ ಪಿ.ವಿ.ಎ. ಅಂಟು, ನಮ್ಮೆಲ್ಲರ ಬಾಯಲ್ಲಿ ಫೆವಿಕಾಲ್. ಇದರಲ್ಲೂ ಎರಡು ಜಾತಿ. ಬಡಿಗೇರರು ಮರಕ್ಕೆ ಹಚ್ಚುವುದು ಒಣಗಿದರೆ ಬಿರುಸು. ಕಾಗದ, ಕರಕುಶಲ ಕೆಲಸಕ್ಕೆ ಮಾರುವುದು ಒಣಗಿದ ಮೇಲೂ ಬಾಗುತ್ತದೆ. ಎರಡನ್ನೂ ಪಾಲಿಥೀನ್ ಹಾಳೆಯ ಮೇಲೆ ತೆಳುವಾಗಿ ಬಳಿದು ಒಣಗಿಸಿ, ಸುಲಿದು ಮಡಚಿ ನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಬಾಗಿದ್ದನ್ನೇ ತಗೊಂಡೆ. ಒಂದು ಹನಿ ನೀರೂ ಬೆರೆಸಲಿಲ್ಲ.

ಬೀಸಣಿಗೆ ಕಟ್ಟು

ಈ ಕೆಲಸದ ಜೀವ ಇರುವುದು ಇಲ್ಲಿ. ಬಿಡಿ ಹಾಳೆಗಳ ಅಂಚಿಗೆ ಮೇಲಿನಿಂದ ಅಂಟು ಬಳಿದರೆ ಪ್ರತಿ ಹಾಳೆಗೆ ಸಿಗುವುದು ಅದರ ದಪ್ಪದಷ್ಟು, ಅಂದರೆ 0.1 ಮಿ.ಮೀ.ಗಿಂತ ಕಡಿಮೆ ಜಾಗ. ಅಷ್ಟರ ಮೇಲೆ ಹಾಳೆ ನಿಲ್ಲಬೇಕಾದರೆ ದಪ್ಪ ಗೋಂದೇ ಬೇಕು, ಅದಕ್ಕೇ ಬಿರುಸು. ಜರ್ಮನಿಯ ಎಮಿಲ್ ಲುಂಬೆಕ್ 1930ರ ದಶಕದಲ್ಲಿ ಬೇರೆ ದಾರಿ ಹಿಡಿದ. ಕಟ್ಟನ್ನು ಒಂದು ಕಡೆಗೆ ಬಾಗಿಸಿ ಅಂಚುಗಳನ್ನು ಬೀಸಣಿಗೆಯ ಹಾಗೆ ಹರವಿ ಅಂಟು ಬಳಿಯುವುದು, ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ಬಳಿಯುವುದು. ಆಗ ಪ್ರತಿ ಹಾಳೆಯ ಎರಡೂ ಮೈಗೆ ಅರ್ಧ ಮಿ.ಮೀ.ನಷ್ಟು ಅಂಟು ತಾಗುತ್ತದೆ. ಹಾಳೆ ಹಾಳೆಗೇ ಅಂಟಿಕೊಳ್ಳುತ್ತದೆ. ಬೆನ್ನಿನ ಮೇಲೆ ದಪ್ಪ ಪದರ ಬೇಕಾಗುವುದೇ ಇಲ್ಲ. ಬಿಸಿ ಬೇಡ, ಯಂತ್ರ ಬೇಡ.

ಕಟ್ಟನ್ನು ಬಿಗಿಯಾಗಿ ಹಿಡಿಯಲು 18 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡು, ಪುಸ್ತಕಕ್ಕಿಂತ ಎರಡೂ ಕಡೆ ನಾಲ್ಕು ಬೆರಳು ಉದ್ದ. ಬಡಿಗೇರ ಅಣ್ಣ ತನ್ನ ಅಂಗಡಿಯಲ್ಲಿ ಉಳಿದದ್ದನ್ನೇ ಕತ್ತರಿಸಿ, ತುದಿಗೆ 8 ಮಿ.ಮೀ. ತೂತು ಕೊರೆದು ಕೊಟ್ಟ. ಉದ್ದ ಬೋಲ್ಟು, ಕೈಯಲ್ಲೇ ತಿರುವುವ ವಿಂಗ್ ನಟ್. ಹಲಗೆಯ ಮೇಲಂಚಿಗೆ ಪ್ಯಾಕಿಂಗ್ ಟೇಪು ಸುತ್ತಿದೆ, ಅಂಟು ಬಿದ್ದರೂ ಹಿಡಿಯದಂತೆ.

ಮೊದಲು ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆಗಳಿಂದ ಒಂದು ನಮೂನೆ ಕಟ್ಟಿದೆ. ಒಣಗಿದ ಮೇಲೆ ಅದರ ನಡುವಿನ ಒಂದು ಹಾಳೆಗೆ ಅಗಲ ಕ್ಲಿಪ್ಪು ಹಾಕಿ, ಕಟ್ಟನ್ನು ಮೇಲೆ ಹಿಡಿದು, ಕ್ಲಿಪ್ಪಿಗೆ ಐದು ಕಿಲೋ ಜೋಳದ ಹಿಟ್ಟಿನ ಚೀಲ ನೇತುಹಾಕಿದೆ. ನಿಂತಿತು. ಇನ್ನೂ ಭಾರ ಹಾಕುತ್ತ ಹೋದಾಗ ಕ್ಲಿಪ್ಪಿನ ಹತ್ತಿರ ಕಾಗದವೇ ಹರಿಯಿತು, ಅಂಟು ಬಿಡಲಿಲ್ಲ. ಆಗ ಅವ್ವನ ಪುಸ್ತಕಕ್ಕೆ ಕೈ ಹಾಕುವ ಧೈರ್ಯ ಬಂತು.

ಕಟ್ಟುವ ಕ್ರಮ ಹೀಗೆ. 136 ಹಾಳೆಗಳನ್ನು ಮೇಜಿನ ಮೇಲೆ ಬೆನ್ನಿನ ಕಡೆಗೂ ತಲೆಯ ಕಡೆಗೂ ತಟ್ಟಿ ತಟ್ಟಿ ಸಮ ಮಾಡಬೇಕು. ಒಂದು ಹಾಳೆ ಒಳಗೆ ಉಳಿದರೂ ಅದಕ್ಕೆ ಅಂಟು ಸಿಗುವುದಿಲ್ಲ. ಹಲಗೆಗಳ ನಡುವೆ ಇಟ್ಟು, ಬೆನ್ನು ಮೇಲೆ ಮಾಡಿ, ಹಲಗೆಯ ಅಂಚಿನಿಂದ ನಾಲ್ಕು ಸೆಂ.ಮೀ. ಹೊರಗೆ ಬಿಟ್ಟು ನಟ್ ಬಿಗಿ ಮಾಡಬೇಕು. ಅಷ್ಟು ಹೊರಗಿದ್ದರೇ ಹಾಳೆಗಳು ಬಾಗಿ ಹರಡಿಕೊಳ್ಳುತ್ತವೆ. ಎಡಗೈಯಿಂದ ಬಲಕ್ಕೆ ಬಾಗಿಸಿ ಹಿಡಿದು, ಒಂದು ಇಂಚಿನ ಬ್ರಶ್ಶಿನಿಂದ ನಡುವಿನಿಂದ ತುದಿಯ ಕಡೆಗೆ ಬಳಿಯಬೇಕು. ತುದಿಯಿಂದ ನಡುವಿಗೆ ಬಂದರೆ ತಲೆಯ ಅಂಚಿನಲ್ಲಿ ಅಂಟು ಒಳಗೆ ಸೇರಿ ಪುಟಗಳು ಕಚ್ಚಿಕೊಳ್ಳುತ್ತವೆ. ಎಡಕ್ಕೆ ಬಾಗಿಸಿ ಮತ್ತೆ ಹಾಗೆಯೇ. ಕೂಡಲೇ ನೆಟ್ಟಗೆ ನಿಲ್ಲಿಸಿ, ನಟ್ ಸಡಿಲಿಸಿ, ಬೆನ್ನು ಹಲಗೆಯ ಅಂಚಿಗೆ ಸಮ ಬರುವಷ್ಟು ಒಳಗೆ ಇಳಿಸಿ, ಪೂರ್ತಿ ಬಿಗಿ ಮಾಡಬೇಕು. ಬಾಗಲಕೋಟೆಯ ಬೇಸಿಗೆಯಲ್ಲಿ ಅಂಟು ಕಣ್ಣೆದುರೇ ಒಣಗುತ್ತದೆ. ಫ್ಯಾನು ಆರಿಸಿ, ಬ್ರಶ್ಶನ್ನು ಒದ್ದೆ ಬಟ್ಟೆಯಲ್ಲಿ ಇಟ್ಟುಕೊಂಡು, ಕೈ ತಡೆಯಿಲ್ಲದೆ ಓಡಬೇಕು.

ಬಿಗಿಯಲ್ಲಿ ಇರುವಾಗಲೇ ಬೆನ್ನಿಗೆ ತೆಳುವಾಗಿ ಇನ್ನೊಂದು ಕೈ ಅಂಟು, ಅದರ ಮೇಲೆ ಜಾಳು ಬಟ್ಟೆ. ಔಷಧ ಅಂಗಡಿಯ ಬ್ಯಾಂಡೇಜ್ ಬಟ್ಟೆಯೇ ಸಾಕು. ಎರಡೂ ಕಡೆ ಎರಡು ಸೆಂ.ಮೀ. ಹೆಚ್ಚಿಗೆ ಬಿಟ್ಟೆ, ರಕ್ಷಾಪುಟಕ್ಕೆ ಅಂಟಿಸಲು. ಮುಟ್ಟಿದರೆ ಒಣಗಿದಂತೆ ಬೇಗ ಅನ್ನಿಸಿದರೂ ರಾತ್ರಿಯೆಲ್ಲ ಬಿಗಿಯಲ್ಲೇ ಬಿಡಬೇಕು.

ಬೆನ್ನಿಗೆ ಕರಗಸದ ಗೀರು ಹಾಕಿ ಹತ್ತಿ ದಾರ ಕೂರಿಸುವ ಪದ್ಧತಿಯೂ ಇದೆ, ಬೈಂಡಿಂಗ್ ಮಾಡುವವರು ಬಹಳ ಜನ ಅದನ್ನೇ ಹೇಳುತ್ತಾರೆ. ನಮೂನೆಯೊಂದಕ್ಕೆ ಹಾಕಿ ನೋಡಿದೆ. ಗಟ್ಟಿ ಹೌದು, ಆದರೆ ದಾರ ಇರುವಲ್ಲಿ ಬೆನ್ನು ಬಾಗುವುದು ಕಡಿಮೆ. 300 ಗ್ರಾಂ ಕಟ್ಟಿಗೆ ಅಷ್ಟು ಬಲ ಬೇಕಿಲ್ಲ. ಶಾಲೆಯ ಮಕ್ಕಳ ಪುಸ್ತಕಕ್ಕೆ, ದಿನಾ ಚೀಲದಲ್ಲಿ ಹೋಗುವ ಪುಸ್ತಕಕ್ಕೆ ದಾರ ಬೇಕು. ಅವ್ವನ ಪುಸ್ತಕಕ್ಕೆ ಬಿಟ್ಟೆ.

ಹೊದಿಕೆ

ಮೂಲ ರಕ್ಷಾಪುಟದ ಮುಂಬದಿ ಮೊದಲ ಭಾಗಕ್ಕೆ, ಹಿಂಬದಿ ಮೂರನೇ ಭಾಗಕ್ಕೆ. ಉಳಿದ ಬದಿಗಳಿಗೆ 300 ಜಿ.ಎಸ್.ಎಂ. ಬೂದು ಬಣ್ಣದ ಕಾರ್ಡ್ ಶೀಟು. ಇದನ್ನು ಕತ್ತರಿಸುವಾಗ ನಾರಿನ ದಿಕ್ಕು ನೋಡಿ ಬೆನ್ನಿಗೆ ಸಮಾನಾಂತರ ಇಟ್ಟೆ. ಇಲ್ಲಾದರೂ ಸರಿಯಾಗಿರಲಿ.

ಬೆನ್ನಿಗೆ ಗುಳೇದಗುಡ್ಡದ ಖಣ. ಅವ್ವ ಕುಬಸ ಹೊಲಿಸಿ ಉಳಿದ ತುಂಡು, ಕೆಂಪು ಮೈ, ಹಳದಿ ಬುಟ್ಟಾ. ಬಟ್ಟೆಯನ್ನು ನೇರವಾಗಿ ಅಂಟಿಸಿದರೆ ಅಂಟು ನೇಯ್ಗೆಯಿಂದ ಮೇಲೆ ಬಂದು ಕಲೆ ಕೂರುತ್ತದೆ. ಅದಕ್ಕೆ ಹಿಂದಿನಿಂದ ಗಾಳಿಪಟದ ತೆಳು ಕಾಗದ ಹಚ್ಚಿದೆ, ಇಲ್ಲಿ ಮಾತ್ರ ಮೈದಾ ಅಂಟು. ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು, ಗಂಟಾಗದಂತೆ ತಿರುವುತ್ತ ಪಾರದರ್ಶಕವಾಗುವವರೆಗೆ ಕುದಿಸಿದ್ದು. ಮೈಲುತುತ್ತ ಹಾಕಲಿಲ್ಲ. ಅವ್ವ ನಾಲಿಗೆಗೆ ಬೆರಳು ತಾಗಿಸಿ ಪುಟ ತಿರುವುವವಳು, ಅದು ವಿಷ. ಬೇವಿನ ಎಲೆ ಪೆಟ್ಟಿಗೆಯಲ್ಲಿ ಇಟ್ಟರಾಯಿತು.

ಖಣದ ಪಟ್ಟಿಯನ್ನು ಪುಸ್ತಕದ ಬೆನ್ನಿಗೆ ಅಂಟಿಸಿಲ್ಲ. ಎರಡು ಬದಿಯ ಕಾರ್ಡಿಗೆ ಮಾತ್ರ ಅಂಟಿದೆ, ಬೆನ್ನಿನ ಮೇಲೆ ಪೊಳ್ಳು. ಪುಸ್ತಕ ತೆರೆದಾಗ ಒಳಗಿನ ಬೆನ್ನು ತನ್ನಷ್ಟಕ್ಕೆ ಬಾಗುತ್ತದೆ, ಖಣ ಹಿಂದೆ ಸರಿದು ನಿಲ್ಲುತ್ತದೆ. ಫಿನ್ಲೆಂಡಿನಲ್ಲಿ ಹುಟ್ಟಿದ ಓಟಾಬೈಂಡ್ ಅನ್ನುವ ಕಾರ್ಖಾನೆ ವಿಧಾನದ ಗುಟ್ಟೂ ಇದೇ, ರಕ್ಷಾಪುಟದ ಬೆನ್ನನ್ನು ಹಾಳೆಗಳ ಬೆನ್ನಿಗೆ ಅಂಟಿಸದೆ ಬಿಡುವುದು. ನಮ್ಮ ಕನ್ನಡದ ದಪ್ಪ ಪುಸ್ತಕಗಳನ್ನು ಮಾಡುವವರು ಇದನ್ನು ನೋಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬೆಲೆ ಸ್ವಲ್ಪ ಏರೀತು, ಆದರೆ 800 ಪುಟ ಬರೆದವರ ಶ್ರಮ 100ನೇ ಪುಟದಲ್ಲಿ ನಿಲ್ಲುವುದಿಲ್ಲ. ಬೆಲೆ ಏರಿಸಲು ಆಗದಿದ್ದರೂ ಕಾಗದದ ನಾರನ್ನು ಸರಿಯಾದ ದಿಕ್ಕಿಗೆ ಇಡುವುದು, ದಪ್ಪ ಪುಸ್ತಕಕ್ಕೆ ಒಳ ಅಂಚನ್ನು 18–20 ಮಿ.ಮೀ. ಬಿಡುವುದು ಪುಟ ಕಟ್ಟುವಾಗಲೇ ಯೋಚಿಸಬಹುದಾದದ್ದು.

ಮೂರೂ ಒಟ್ಟಿಗೆ ಇರಲು ರಟ್ಟಿನ ಗೂಡು ಮಾಡಿದೆ. ಅದರ ಮೇಲೆ ಮೂಲ ಪುಸ್ತಕದ ಬೆನ್ನಿನ ಪಟ್ಟಿ ಅಂಟಿಸಿದ್ದರಿಂದ ಕಪಾಟಿನಲ್ಲಿ ನೋಡಿದವರಿಗೆ ಹೆಸರು ಕಾಣುತ್ತದೆ.

ಅಳತೆ ಮತ್ತೊಮ್ಮೆ

ಅದೇ ಕೊಕ್ಕೆ ತಕ್ಕಡಿ, ಅದೇ 90ನೇ ಪುಟ. ಈಗ ಓದು ಬೀಳುವುದು ಮೊದಲ ಭಾಗದ ಮೂರನೇ ಒಂದಂಶದಲ್ಲಿ. ತಕ್ಕಡಿ ಸೊನ್ನೆಯಿಂದ ಏಳಲೇ ಇಲ್ಲ, ಪುಟ ತಾನಾಗಿ ಮಲಗಿತು. ಮೊದಲ ಇಪ್ಪತ್ತು ಹಾಳೆಗಳಲ್ಲಿ ಸ್ವಲ್ಪ ಎದ್ದೇಳುತ್ತದೆ, 60 ಗ್ರಾಂನಷ್ಟು. ಅಡ್ಡ ನಾರಿನ ಬಿರುಸು ಇಷ್ಟು ಉಳಿದಿದೆ. ಹೊದಿಕೆ ಸೇರಿ ಒಂದು ಭಾಗದ ತೂಕ 320 ಗ್ರಾಂ. ಬೆನ್ನಿನ ಹತ್ತಿರ ನಡುವಿನ ಭಾಗದಲ್ಲಿ ತೀರಾ ಸಣ್ಣ ಅಲೆ ಒಂದು ಕಾಣುತ್ತದೆ, ಅಕ್ಷರದವರೆಗೆ ಬಂದಿಲ್ಲ.

ಅವ್ವ ಮೊದಲ ಭಾಗವನ್ನು ಎಡಗೈಯೊಂದರಲ್ಲೇ ಹಿಡಿದು ಓದುತ್ತಿದ್ದಾಳೆ. ಅವಳು ಹೇಳಿದ ತಕರಾರು ಒಂದೇ: "ಎರಡನೇದ ಎಲ್ಲೈತಿ ಅಂತ ರಾತ್ರಿ ಹುಡುಕೂ ಹಂಗ ಮಾಡಬ್ಯಾಡ, ಖಣದ ಬಣ್ಣ ಬ್ಯಾರೆ ಬ್ಯಾರೆ ಹಾಕಬೇಕಿತ್ತು." ನ್ಯಾಯವಾದ ಮಾತು. ಸದ್ಯಕ್ಕೆ ಬೆನ್ನಿನ ಕೆಳಗೆ ಒಂದು, ಎರಡು, ಮೂರು ಅಂತ ದಾರದ ಗಂಟು ಹೊಲಿದಿದ್ದೇನೆ, ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ.

ಇನ್ನು ಉಳಿದ ಪರೀಕ್ಷೆ ಮಳೆಗಾಲದ್ದು. ಗಾಳಿಯಲ್ಲಿ ತೇವ ಏರಿದಾಗ ಬೆನ್ನಿನ ಅಲೆ ಬೆಳೆಯುತ್ತದೆಯೋ ಇಲ್ಲವೋ ನೋಡಬೇಕು. ಅಲ್ಲಿಯವರೆಗೆ ಓದದ ಎರಡು ಭಾಗಗಳು ಗೂಡಿನಲ್ಲಿ, ಮೇಲೊಂದು ಇಟ್ಟಿಗೆಯ ಭಾರದಲ್ಲಿ ಇರುತ್ತವೆ. ಮುಂದಿನ ಸರದಿ ಅಪ್ಪನ ನಿಘಂಟಿನದು. ಅದರ ಒಳಗೆ ಫಾರಂ ಫಾರಂ ದಾರದ ಹೊಲಿಗೆ ಇದೆ, ಬೆನ್ನಿನ ಬಟ್ಟೆ ಮಾತ್ರ ಹರಿದಿದೆ. ಅದಕ್ಕೆ ಬ್ಲೇಡು ಹಾಕುವ ಪ್ರಶ್ನೆಯೇ ಇಲ್ಲ. ಹಳೆ ಬಟ್ಟೆ ತೆಗೆದು ಹೊಸ ಜಾಳು ಬಟ್ಟೆ ಹಚ್ಚುವುದಷ್ಟೇ ಕೆಲಸ.